ಗೋಡೆಯ ಆಚೆಯ ತೊಟ್ಟಿಲು

ಮೊನ್ನೆ ಗವಂಡಿ ಬಂದು ನಮ್ಮ ಗ್ಯಾಲರಿಯ ಮೂಲೆಯಲ್ಲಿ ಪೀಪಾಯಿಗೆ ನೀರು ತುಂಬಿ ಇಟ್ಟಿಗೆಗಳನ್ನು ನೆನೆಹಾಕಿದ. ಪುಣೆಯ ಕೋಥರೂಡದ ಈ ಮೂರನೆಯ ಅಂತಸ್ತಿನ ಮನೆಯಲ್ಲಿ ಜಾಗ ಸಾಲದೆಂದು ಮಗ ಗ್ಯಾಲರಿ ಮುಚ್ಚಿಸಿ ಮೊಮ್ಮಗಳಿಗೆ ಓದುವ ಕೋಣೆ ಮಾಡಿಸುತ್ತಿದ್ದಾನೆ. ಒಣ ಇಟ್ಟಿಗೆ ಗುಳುಗುಳು ನೀರು ಕುಡಿಯಿತು, ಹಸಿಮಣ್ಣಿನ ವಾಸನೆ ಮನೆಯೆಲ್ಲ ಹರಡಿತು. ಸೊಸೆ ಉಸಿರೆಳೆದುಕೊಂಡು "ಎಷ್ಟ ಚಂದ ವಾಸನಿ!" ಅಂದಳು. ಎಲ್ಲರಿಗೂ ಚಂದವೇ. ನನಗೆ ಮಾತ್ರ ಆ ವಾಸನೆ ಬಂದರೆ ನಲವತ್ತು ವರ್ಷಗಳಿಂದಲೂ ಎದೆ ಧಸಕ್ಕೆನ್ನುತ್ತದೆ.

ಗವಂಡಿ ಉಳಿ ಹಿಡಿದು ಪಕ್ಕದ ಮನೆಯವರಿಗೂ ನಮಗೂ ನಡುವೆ ಇರುವ ಗೋಡೆಗೆ ತೂತು ಹೊಡೆಯಲು ನಿಂತಾಗ ನಾನು ಎದ್ದುಹೋಗಿ ಅವನ ಕೈ ತಡೆದೆ. ಈ ಗೋಡೆಯ ಆಚೆ ಏನಿದೆ, ಕೇಳಿಕೊಂಡು ಬಂದೆಯಾ ಅಂದೆ. ಅವನು ಮಗನ ಮುಖ ನೋಡಿದ. ಮಗ ನಕ್ಕ.

"ಅವ್ವಾ, ಅದು ಸಿಮೆಂಟಿನ ಗೋಡಿ. ಆ ಕಡೆ ಅವರ ಅಡಗಿಮನಿ ಇರಬೇಕು, ಬಿಡು."

"ಇರಬೇಕು ಅನ್ನಬ್ಯಾಡ. ಹೋಗಿ ನೋಡಿ ಬಾ."

ಮುದುಕಿಗೆ ಅರುಳುಮರುಳು ಎಂದುಕೊಂಡೇ ಅವನು ಪಕ್ಕದ ಮನೆಯ ಗಂಟೆ ಒತ್ತಿದ. ಆಚೆ ಬರೀ ಪಾತ್ರೆ ತೊಳೆಯುವ ಕಟ್ಟೆಯಿತ್ತು. ಆಮೇಲೆ ಗವಂಡಿ ತನ್ನ ಕೆಲಸ ಮಾಡಿಕೊಂಡ. ನಾನೇಕೆ ಹಾಗೆ ಹಟ ಹಿಡಿದೆ ಎಂದು ಮಗನಿಗೆ ಗೊತ್ತಿಲ್ಲ. ಅವನ ಅಪ್ಪನಿಗೂ ಕಡೆಯತನಕ ಗೊತ್ತಾಗಲಿಲ್ಲ. ಆ ಒಂದು ಮಳೆಗಾಲದ ಸಂಗತಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ನನ್ನ ಯಜಮಾನರು ಲಷ್ಕರದ ಕಚೇರಿಯೊಂದರಲ್ಲಿ ಕಾರಕೂನರು. ಬಾಗಲಕೋಟೆಯ ಕಡೆಯ ನಾವು ಪುಣೆಗೆ ಬಂದು ಮೂರು ವರ್ಷವಾಗಿತ್ತು. ನನಗೆ ಇಪ್ಪತ್ತೆರಡು, ಇನ್ನೂ ಮಕ್ಕಳಿರಲಿಲ್ಲ. ಯುದ್ಧದಿಂದಾಗಿ ಊರು ತುಂಬಿ ಬಾಡಿಗೆ ಮನೆ ಸಿಗುವುದು ದುರ್ಲಭವಾಗಿತ್ತು. ನಾವಿದ್ದ ಮನೆಯ ಮಾಲೀಕ ಖಾಲಿ ಮಾಡಿ ಎಂದು ದಿನಾ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಅಂಥದರಲ್ಲಿ ನಾರಾಯಣ ಪೇಠೆಯಲ್ಲಿ ಹಳೆಯ ವಾಡೆಯೊಂದರ ಅರ್ಧ ಭಾಗ ಮಾರಾಟಕ್ಕಿದೆಯೆಂದು ತಿಳಿಯಿತು. ಯಾವುದೋ ಕಾಲದಲ್ಲಿ ಅಣ್ಣತಮ್ಮಂದಿರು ಹಿಸೆಯಾಗಿ ನಟ್ಟನಡುವೆ ಗೋಡೆ ಎಬ್ಬಿಸಿಕೊಂಡಿದ್ದ ಮನೆ. ಆ ಕಡೆಯ ಅರ್ಧದಲ್ಲಿ ಜಾನಕೀಬಾಯಿ ಎಂಬ ಮರಾಠಿ ಹೆಂಗಸಿನ ಸಂಸಾರವಿತ್ತು, ಈ ಕಡೆಯ ಅರ್ಧ ನಮ್ಮದಾಗಬೇಕಿತ್ತು.

ನಮ್ಮವರು ಮನೆ ನೋಡಿದ ಪರಿಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಬೀಗದ ಕೈಯಿಂದ ಒಂದೊಂದು ಕಂಬವನ್ನೂ ಬಡಿದು ಕಿವಿ ಇಟ್ಟು, ಒಳಗೆ ಗೆದ್ದಲು ತಿಂದಿದೆಯೋ ಎಂದು ಕೇಳಿದರು. ಬಾವಿಯ ನೀರು ಒಂದು ತಂಬಿಗೆ ಕುಡಿದು ಎರಡು ದಿನ ಹೊಟ್ಟೆಯ ಕಡೆ ಲಕ್ಷ್ಯ ಕೊಟ್ಟರು. ಮಾಡಿನ ಮೇಲೆ ಹತ್ತಿ ಒಡೆದ ಹಂಚು ಎಣಿಸಿದರು. ರಸ್ತೆ ಅಗಲ ಮಾಡುವ ಗೆರೆ ಎಲ್ಲಿ ಹಾಯುತ್ತದೆಂದು ಮುನಸಿಪಾಲಟಿಗೆ ಹೋಗಿ ನಕಾಶೆ ನೋಡಿದರು. ಬಚ್ಚಲ ನೀರು ಎಲ್ಲಿ ಹರಿಯುತ್ತದೆ, ಪಾಲು ಕೇಳುವ ದಾಯಾದಿ ಯಾರಾದರೂ ಉಳಿದಿದ್ದಾರೆಯೇ, ಅಟ್ಟದ ಮೇಲಿನ ಬಾಡಿಗೆಯವನು ತಕರಾರಿಲ್ಲದೆ ಬಿಡುತ್ತಾನೆಯೇ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಒಂದೊಂದಕ್ಕೇ ಗೀಟು ಹಾಕುತ್ತಿದ್ದರು. ಹಳೆಯ ಕಾಗದಪತ್ರದಲ್ಲಿ ನಡುಗೋಡೆ ಇಬ್ಬರದೂ, ಅದರಲ್ಲಿ ತೊಲೆ ಕೂರಿಸುವ ಹಕ್ಕು ಇಬ್ಬರಿಗೂ ಇದೆ ಎಂದು ಬರೆದದ್ದು ಸಿಕ್ಕಿದಾಗ ಅವರಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. "ಹಿತ್ತಲದಾಗ ಖೋಲಿ ಕಟ್ಟಿದ್ರ ಮೂರ ಗೋಡಿ ಎಬ್ಬಿಸಿದ್ರ ಸಾಕು ನೋಡು, ನಾಲ್ಕನೇದು ತಯಾರ ಅದ!" ಅಂದರು. ಇಷ್ಟೆಲ್ಲ ನೋಡಿದವರು ನೋಡದೆ ಬಿಟ್ಟದ್ದು ಒಂದೇ. ಆ ನಾಲ್ಕನೆಯ ಗೋಡೆಯ ಆಚೆಗೆ ಏನಿದೆ ಎಂದು ನಮ್ಮಲ್ಲಿ ಯಾರೂ ಹೋಗಿ ನೋಡಲಿಲ್ಲ.

ಹಿತ್ತಲಲ್ಲಿ ಕೋಣೆ ಬೇಕಾಗಿದ್ದುದು ತುಂಗಕ್ಕನಿಗೆ. ತುಂಗಕ್ಕ ನಮ್ಮವರ ಅಕ್ಕ, ಹದಿನೈದು ವರ್ಷ ದೊಡ್ಡವಳು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು, ಗಂಡನ ಮನೆಯಿಂದ ಬಂದ ಒಂದು ಸಣ್ಣ ಮನೆಯಲ್ಲಿ ಒಬ್ಬಳೇ ಇದ್ದು, ತಾಯಿಯಿಲ್ಲದ ತಮ್ಮನನ್ನು ಬೆಳೆಸಿ ಓದಿಸಿದವಳು. ಪುಣೆಯ ಮನೆ ಕೊಳ್ಳಲು ನಮ್ಮ ಕೈ ಸಾಲದಾದಾಗ ಅವಳು ತನ್ನ ಆ ಮನೆಯನ್ನು ಮಾರಿ ಬಂದಳು. ಕೇಳಿದ್ದು ಒಂದೇ ಮಾತು. "ನನಗೊಂದು ಖೋಲಿ ಮಾಡಿಸಿಕೊಡಪಾ ಭೀಮೂ. ನನ್ನ ಒಲಿ, ನನ್ನ ದೇವರು, ನನ್ನ ಮಡಿ. ನಿಮ್ಮ ಕಾಲಾಗ ಅಡ್ಡ ಬರೂದಿಲ್ಲ." ನಮ್ಮವರು ಅವಳ ಕಾಲು ಮುಟ್ಟಿ ಮಾತು ಕೊಟ್ಟರು.

ಆ ಕೋಣೆ ಆಗುವತನಕ ಅವಳು ಪಡಸಾಲೆಯ ಮೂಲೆಯಲ್ಲಿ, ನನ್ನ ಹಳೆಯ ಸೀರೆಯೊಂದನ್ನು ಪರದೆ ಕಟ್ಟಿಕೊಂಡು ಇರುತ್ತಿದ್ದಳು. ಹಾಲಿನವನು ಬಂದರೂ ಒಳಗೆ ಸರಿಯಬೇಕು, ನಮ್ಮವರ ಕಚೇರಿಯ ಜನ ಬಂದರೂ ಸರಿಯಬೇಕು. ತನ್ನ ಮನೆಯಲ್ಲಿ ಯಜಮಾನಿಯಾಗಿ ಇಪ್ಪತ್ತು ವರ್ಷ ಬಾಳಿದವಳು. ಆ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಳು ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಸಾರಿಗೆ ಉಪ್ಪು ಹೆಚ್ಚು, ರಂಗೋಲಿ ಸೊಟ್ಟ, ನೀರು ತಂದ ಕೊಡದ ಬುಡ ಒದ್ದೆ. ಬಂದ ದಿನದಿಂದ ಅವಳು ನನಗೆ ಹೇಳಿದ್ದೆಲ್ಲ ಅಪ್ಪಣೆಯೇ. ಕೇಳಿದ್ದು ಎಂಬುದು ಯಾವತ್ತೂ ಇರಲಿಲ್ಲ.

ಕೋಣೆಗೆ ಮಾಡು ಯಾವುದು ಎಂಬಲ್ಲಿ ಮಾತು ಬಂತು. ತಗಡಿನ ಪತ್ರೆಯೆಲ್ಲ ಯುದ್ಧಕ್ಕೆ ಹೋಗಿತ್ತು, ಸಿಮೆಂಟು ಪರವಾನಗಿ ಇಲ್ಲದೆ ಸಿಗುತ್ತಿರಲಿಲ್ಲ. ಧೋಂಡೀಬಾ ಎಂಬ ಮುದುಕ ಬಡಗಿ ಕೆಲಸ ಹಿಡಿದಿದ್ದ. ದಸರೆಯವರೆಗೆ ತಡೆಯಿರಿ, ಯಾವುದಾದರೂ ಹಳೆಯ ವಾಡೆ ಕೆಡವುತ್ತಾರೆ, ಹಂಚು ತಂದು ಇಳಿಜಾರು ಮಾಡು ಹೊದಿಸಿಕೊಡುತ್ತೇನೆ ಎಂದು ಅವನು ಮರಾಠಿಯಲ್ಲಿ ಹೇಳಿದ. ನಾನು ಅದನ್ನು ತುಂಗಕ್ಕನಿಗೆ ಕನ್ನಡದಲ್ಲಿ ತಿಳಿಸಿದೆ. ನನ್ನ ಮರಾಠಿ ಅಷ್ಟರಲ್ಲಿ ಸರಾಗವಾಗಿತ್ತು. ತುಂಗಕ್ಕ ಮರಾಠಿಯ ಗೊಡವೆಗೇ ಹೋಗಿರಲಿಲ್ಲ, ಕಾಯಿಪಲ್ಲೆಯವಳ ಕೂಡ ಬೆರಳಿನಲ್ಲೇ ವ್ಯವಹಾರ.

"ದಸರಾ ತನಕ ನಾ ಪರದೇದ ಹಿಂದ ಕೂಡಬೇಕೇನು?" ಅಂದಳು ತುಂಗಕ್ಕ. "ನಮ್ಮೂರಾಗ ಯಾರ ಮನೀಗೆ ಹಂಚ ಅದ? ಎಲ್ಲಾ ಮಣ್ಣಿನ ಮಾಳಿಗಿನ. ನಮ್ಮ ಮಾಳಿಗಿ ನಮ್ಮ ಮಾವನ ಅಜ್ಜ ಹಾಕಿಸಿದ್ದು, ಒಂದ ಹನಿ ಸೋರಿಲ್ಲ. ನಾನ ನಿಂತ ಹಾಕಸ್ತೀನಿ."

ನಮ್ಮ ಕಡೆಯ ಮನೆಗಳನ್ನು ನೋಡದವರಿಗೆ ಹೇಳಬೇಕು. ಅಲ್ಲಿ ಮಾಡು ಇಳಿಜಾರಲ್ಲ, ಚಪ್ಪಟೆ. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ತೊಗರಿಕಟ್ಟಿಗೆ ಮತ್ತು ಬೇವಿನ ತಪ್ಪಲು, ಅದರ ಮೇಲೆ ಗೇಣುದ್ದ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಹೊದಿಕೆ. ಸವಳು ಮಣ್ಣು ನೀರನ್ನು ಒಳಗೆ ಬಿಡುವುದಿಲ್ಲ, ಜಾರಿಸಿ ಕಳಿಸುತ್ತದೆ. ಬೇಸಿಗೆಯಲ್ಲಿ ಒಳಗೆ ತಂಪು, ಮೇಲೆ ಹಪ್ಪಳ ಒಣಗಿಸಬಹುದು. ನಡುವೆ ಒಂದು ಬೆಳಕಿಂಡಿ. ವರ್ಷಕ್ಕೆ ಹತ್ತೋ ಹನ್ನೆರಡೋ ದಿನ ಬಡಿದು ಹೋಗುವ ಮಳೆಗೆ ಅದಕ್ಕಿಂತ ಒಳ್ಳೆಯ ಮಾಡಿಲ್ಲ.

ಧೋಂಡೀಬಾ ತಲೆ ಕೆರೆದುಕೊಂಡ. ಇಲ್ಲಿಯ ಮಳೆ ನಿಮ್ಮ ಊರಿನದಲ್ಲ ಎಂದ. ನಮ್ಮವರು ಎರಡು ದಿನ ಯೋಚಿಸಿದರು. ಅಕ್ಕನ ಮನೆ ತಮಗಾಗಿ ಹೋಗಿದೆ, ಅವಳು ಕೇಳಿದ ಮಾಡನ್ನೂ ಕೊಡದಿದ್ದರೆ ಹೇಗೆ ಎಂಬುದೇ ಅವರ ಎದುರಿಗಿದ್ದ ಲೆಕ್ಕ. ಚೀಟಿಯಲ್ಲಿ ಆ ಸಾಲಿಗೂ ಗೀಟು ಬಿತ್ತು. ತುಂಗಕ್ಕ ಊರಿಗೆ ಕಾಗದ ಬರೆಸಿ ಗೋಣಿಚೀಲಗಳಲ್ಲಿ ಸವಳು ಮಣ್ಣು ತರಿಸಿದಳು. ಹೊಟಗಿಯಲ್ಲಿ ಗಾಡಿ ಬದಲಿಸಿಕೊಂಡು ಬಂದ ಆ ಚೀಲಗಳನ್ನು ಪುಣೆ ಠೇಶನ್ನಿನ ಹಮಾಲರು ಬಿಚ್ಚಿ ನೋಡಿ, ಬರೀ ಮಣ್ಣೇ ಎಂದು ಒಬ್ಬರ ಮುಖ ಒಬ್ಬರು ನೋಡಿದರಂತೆ.

ವೈಶಾಖದಲ್ಲಿ ಕೋಣೆ ಎದ್ದಿತು. ನಡುಗೋಡೆಗೆ ನಾಲ್ಕು ಗೂಡು ಕೊರೆದು ತೊಲೆಗಳ ತುದಿ ಕೂರಿಸಿದರು. ನಡುಗೋಡೆ ಎಂದರೆ ಕೆಳಗೆ ಸೊಂಟದ ಮಟ್ಟಕ್ಕೆ ಕಲ್ಲು, ಮೇಲೆ ಸುಡದ ಹಸಿ ಇಟ್ಟಿಗೆ. ತುಂಗಕ್ಕ ಸೆರಗು ಬಿಗಿದುಕೊಂಡು ಮಾಳಿಗೆಯ ಮೇಲೆ ನಿಂತು, ಆಳುಗಳು ಹರವಿದ ಮಣ್ಣನ್ನು ತಾನೇ ತುಳಿದು ಗಟ್ಟಿ ಮಾಡಿದಳು. ಅವಳು ಹಾಗೆ ಖುಷಿಯಿಂದ ಓಡಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಒಳಗೆ ಹೋಗಿ ದೇವರ ಪೆಟ್ಟಿಗೆ ಇಟ್ಟು, ಬೆಳಕಿಂಡಿಯಿಂದ ಬಿದ್ದ ದುಂಡನೆಯ ಬಿಸಿಲಲ್ಲಿ ಕೂತು, "ನಮ್ಮ ಮನಿನ ಬಂದಂಗ ಆತು ನೋಡು ಸರಸೂ," ಅಂದಳು. ಅವಳ ಕಣ್ಣು ತುಂಬಿತ್ತು.

ಮಿರಗದ ಮಳೆ, ಮೃಗಶಿರೆಯದು, ಬಂದು ಹೋಯಿತು. ಮಾಳಿಗೆ ಒಂದು ಹನಿ ಸೋರಲಿಲ್ಲ. ತುಂಗಕ್ಕ ಧೋಂಡೀಬಾನನ್ನು ಕರೆಸಿ, ನನ್ನ ಬಾಯಿಂದ ಅದನ್ನು ಹೇಳಿಸಿದಳು. ಮುದುಕ ಮುಗುಳ್ನಕ್ಕು, "ಶ್ರಾವಣ ಬರಲಿ" ಎಂದಷ್ಟೇ ಹೇಳಿ ಹೋದ.

ಆಷಾಢದ ನಡುವಿನಿಂದ ಪುಣೆಯ ಮಳೆ ಶುರುವಾಯಿತು. ಅದು ನಮ್ಮ ಕಡೆಯ ಮಳೆಯ ಹಾಗೆ ಬಡಿಯುವುದಿಲ್ಲ. ಬೆಳಗಾದರೆ ಜಿನುಗುತ್ತದೆ, ಸಂಜೆಗೂ ಜಿನುಗುತ್ತಲೇ ಇರುತ್ತದೆ. ಮುಗಿಯುವ ಹಾಗೂ ಇಲ್ಲ, ಜೋರಾಗುವ ಹಾಗೂ ಇಲ್ಲ. ಬಟ್ಟೆ ಒಣಗವು, ಉಪ್ಪು ನೀರಾಗುತ್ತದೆ, ಸೀಮೆಎಣ್ಣೆಯ ಅಂಗಡಿಯ ಸಾಲಿನಲ್ಲಿ ಜನ ತಲೆಗೆ ಗೋಣಿ ಹಾಕಿಕೊಂಡು ನಿಲ್ಲುತ್ತಾರೆ. ಸವಳು ಮಣ್ಣಿಗೆ ಒಣಗಲು ಬಿಸಿಲು ಬೇಕು. ಎರಡು ಮಳೆಯ ನಡುವೆ ಅದು ಒಣಗಿ ಬಿಗಿಯಾದರೇ ಅದರ ಗುಣ. ಹದಿನೈದು ದಿನ ಬಿಸಿಲು ಕಾಣದೆ ಅದೂ ಸೋತಿತು. ಮಾಳಿಗೆಯ ಮೇಲೆ ಹಸಿರು ಹುಲ್ಲು ಎದ್ದಿತು.

ಒಂದು ಮಧ್ಯಾಹ್ನ ನಾನು ತುಂಗಕ್ಕನ ಕೋಣೆಗೆ ಬಾಳೆಎಲೆ ಕೊಡಲು ಹೋದೆ. ನಡುಗೋಡೆಯ ಮೇಲೆ ಅವಳು ತನ್ನ ದೊಡ್ಡ ಕೌದಿಯನ್ನು ಮೊಳೆ ಹೊಡೆದು ತೂಗುಹಾಕಿದ್ದಳು. ಹೊದೆಯುವ ಕೌದಿ ಗೋಡೆಗೆ ಯಾಕೆ ಎಂದು ಅದರ ಅಂಚು ಸರಿಸಿದೆ. ತೊಲೆ ಕೂತ ಗೂಡಿನಿಂದ ಕೆಳಗಿನತನಕ ಗೋಡೆ ಕರ್ರಗೆ ತೊಯ್ದಿತ್ತು. ಮಾಳಿಗೆಯೂ ಗೋಡೆಯೂ ಕೂಡುವ ಸಂದಿಯಲ್ಲಿ ನೀರು ಇಳಿದು, ತೊಲೆಯ ತುದಿ ಹಿಡಿದು ಗೋಡೆಯ ಹೊಟ್ಟೆಗೆ ಹೋಗುತ್ತಿತ್ತು. ಹಿಂದೆ ತುಂಗಕ್ಕ ನಿಂತಿದ್ದಳು. ಬಯ್ಯುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಭೀಮೂಗ ಹೇಳಬ್ಯಾಡ, ಸರಸೂ."

"ಅಕ್ಕಾ, ಗ್ವಾಡಿ ಪೂರಾ ಹಸಿ ಆಗೇದರಿ."

"ಗೊತ್ತಾದ್ರ ಇವತ್ತ ಮಾಳಿಗಿ ಬಿಚ್ಚಸ್ತಾನ. ನಾ ಮತ್ತ ಪರದೇದ ಹಿಂದ. ಊರಾಗಿನ ಮನಿ ಮಾರಿ ಬಂದೀನಿ, ಹಿಂದ ಹೋಗಲಿಕ್ಕೆ ನನಗ ಬಾಗಲಾ ಇಲ್ಲ. ಎರಡ ದಿನ ಬಿಸಲ ಬೀಳಲಿ, ನಾನ ಮ್ಯಾಲ ಹತ್ತಿ ಸಂದಿ ಮೆತ್ತತೀನಿ. ನಿನ್ನ ಬೇಡಕೋತೀನಿ."

ಬೇಡಕೋತೀನಿ ಎಂಬ ಮಾತು ಅವಳ ಬಾಯಲ್ಲಿ! ನನಗೆ ಮರುಕವಾಯಿತು, ನಿಜ. ಆದರೆ ಬರೀ ಮರುಕವಲ್ಲ, ಒಂದು ಹೆಮ್ಮೆಯೂ ಆಯಿತು. ಆ ಮನೆಯಲ್ಲಿ ಮೊದಲ ಸಲ ಅವಳಿಗೆ ನಾನು ಬೇಕಾಗಿದ್ದೆ. ಹೇಳುವುದಿಲ್ಲ ಎಂದೆ.

ಅವತ್ತಿನಿಂದ ಅವಳು ನನಗೆ ಒಂದು ಕಟುಮಾತು ಆಡಲಿಲ್ಲ. ಮಧ್ಯಾಹ್ನ ನಮ್ಮವರು ಕಚೇರಿಯಲ್ಲಿದ್ದಾಗ ಇಬ್ಬರೂ ಕೂಡಿ ಕೌದಿ ತೆಗೆದು ಹಿಂಡಿ, ಒಲೆಯ ಮೇಲೆ ಹಿಡಿದು ಕಾಯಿಸಿ ಮತ್ತೆ ತೂಗುಹಾಕುತ್ತಿದ್ದೆವು. ಗೋಡೆಗೆ ಬೂದಿ ಬಡಿದು ಪಸೆ ಹೀರಿಸುತ್ತಿದ್ದೆವು. ಮಳೆ ಸ್ವಲ್ಪ ಬಿಟ್ಟರೆ ಅವಳು ಏಣಿ ಹತ್ತಿ ಸಂದಿಗೆ ಮಣ್ಣು ಮೆತ್ತುವಳು, ನಾನು ಕೆಳಗೆ ಏಣಿ ಹಿಡಿದು ನಿಲ್ಲುವೆನು. ಮರುದಿನ ಆ ಮಣ್ಣು ತೊಳೆದು ಹೋಗಿರುತ್ತಿತ್ತು. ನಾಳೆ ಬಿಸಿಲು ಬೀಳುತ್ತದೆ ಎಂದು ಅವಳು ದಿನಾ ಹೇಳುವಳು, ನಾನೂ ದಿನಾ ನಂಬುವೆನು. ನಮ್ಮವರು ಕೋಣೆಯ ಬಾಗಿಲಲ್ಲಿ ನಿಂತು, "ಹ್ಯಾಂಗದ ಅಕ್ಕಾ?" ಎಂದು ಕೇಳಿದರೆ, "ಛಲೋ ಅದಪಾ," ಎಂದು ಅವಳು ಬೆನ್ನನ್ನು ಕೌದಿಗೆ ಕೊಟ್ಟು ಕೂತಲ್ಲಿಂದಲೇ ಹೇಳುತ್ತಿದ್ದಳು.

ಗೋಡೆಯ ಆಚೆ ತೊಟ್ಟಿಲಿತ್ತು. ಅದು ನಮಗೆ ಹೇಗೆ ಗೊತ್ತಾಯಿತೆಂದರೆ, ಜಾನಕೀಬಾಯಿಯ ಸೊಸೆ ಉಷಾ ಹೆತ್ತು ತವರಿನಿಂದ ಬಂದಿದ್ದಳು. ಮೂರು ತಿಂಗಳ ಗಂಡು ಕೂಸು. ಕೌದಿ ತೆಗೆದು ಗೋಡೆಯ ಹತ್ತಿರ ನಿಂತರೆ ತೊಟ್ಟಿಲ ಹಗ್ಗದ ಕಿರುಗುಡುವಿಕೆ, ಉಷಾಳ ಜೋಗುಳ ಸ್ಪಷ್ಟವಾಗಿ ಕೇಳುತ್ತಿತ್ತು. ಮರಾಠಿ ಬಾರದ ತುಂಗಕ್ಕ ಆ ಜೋಗುಳವನ್ನು ಕೇಳುತ್ತ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಅವಳಿಗೆ ಮಕ್ಕಳಾಗುವ ಮುಂಚೆಯೇ ಸಂಸಾರ ಮುಗಿದಿತ್ತು. "ಕೂಸು ಎದ್ದತು ನೋಡು. ಈಗ ಎಣ್ಣಿ ಹಚ್ಚತಾರ," ಎಂದು ಇಲ್ಲಿ ಕೂತೇ ಆ ಮನೆಯ ದಿನಚರಿ ಹೇಳುವಳು. ದಿನಾ ಹತ್ತು ಗಂಟೆಗೆ ಕೂಸಿಗೆ ನೀರು ಹಾಕುವ ಹೊತ್ತು. ಹಿಂದಿನ ಬಚ್ಚಲಿನಿಂದ ಅದರ ಅಳು ಕೇಳಿದರೆ ನಾನು ಅನ್ನಕ್ಕೆ ಇಡುತ್ತಿದ್ದೆ.

ಒಂದು ಬೆಳಿಗ್ಗೆ ಗೋಡೆಯ ಮೇಲೆ ಬೆರಳಿಟ್ಟೆ. ಬೆರಳು ಒಳಗೆ ಹೋಯಿತು. ಹಸಿ ಇಟ್ಟಿಗೆ ಕಲಸಿದ ಹಿಟ್ಟಾಗಿತ್ತು. ನಮ್ಮವರು ಆಗ ಅಂಗಳದಲ್ಲಿ ಸಾಯಕಲ್ಲಿಗೆ ಗಾಳಿ ಹಾಕುತ್ತಿದ್ದರು. ಹೊರಗೆ ಬಂದು ಅವರ ಹತ್ತಿರ ನಿಂತೆ. "ಏನ?" ಅಂದರು. ನನಗೆ ಹಿಂದಿನಿಂದ ತುಂಗಕ್ಕ ನೋಡುತ್ತಿರುವುದು ಗೊತ್ತಿತ್ತು. "ಏನಿಲ್ಲ, ಬರೂವಾಗ ಬೆಲ್ಲಾ ತರ್ರಿ," ಅಂದೆ. ಆ ಬೆಲ್ಲದ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ದೇವರಿಗೇ ಗೊತ್ತು.

ಮೂರು ದಿನದ ಮೇಲೆ ಗೋಡೆ ಬಿತ್ತು. ಹತ್ತು ಗಂಟೆ ಹೊಡೆದಿತ್ತು. ನಾನು ಅಡಿಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದೆ. ತುಂಗಕ್ಕ ತುಳಸಿಗೆ ನೀರು ಹಾಕಲು ಹೊರಗೆ ಬಂದಿದ್ದಳು. ಪಕ್ಕದ ಬಚ್ಚಲಿನಿಂದ ಕೂಸಿನ ಅಳು ಬರುತ್ತಿತ್ತು. ಆಗ ಧೊಪ್ಪೆಂದು ಸದ್ದಾಯಿತು. ದೊಡ್ಡ ಸದ್ದೇನಲ್ಲ, ಮೆತ್ತಗಿನ ಸದ್ದು. ಅದರ ಹಿಂದೆಯೇ ತೊಲೆ ಮುರಿದ ಸದ್ದು. ಕೂಸಿನ ಅಳು ನಿಂತಿತು. ನಾನೂ ತುಂಗಕ್ಕನೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೂಸು ತೊಟ್ಟಿಲಲ್ಲಿ ಇಲ್ಲ, ಬಚ್ಚಲಲ್ಲಿದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಆಮೇಲೆ ಅದು ಮತ್ತೆ ಅಳತೊಡಗಿತು. ಸದ್ದಿಗೆ ಬೆಚ್ಚಿ ಸುಮ್ಮನಾಗಿತ್ತಷ್ಟೆ. ತುಂಗಕ್ಕ ತಂಬಿಗೆ ಹಿಡಿದುಕೊಂಡೇ ಕಟ್ಟೆಯ ಮೇಲೆ ಕುಸಿದಳು.

ಗೋಡೆ ಆಚೆಯ ಕಡೆಗೆ ಉರುಳಿತ್ತು. ತೊಲೆಗಳ ತುದಿ ಜಾರಿ, ಮಾಳಿಗೆಯ ಒಂದು ಪಾಲು ಮಣ್ಣು ಅವರ ಕೋಣೆಗೆ ಹೋಗಿ ಬಿದ್ದಿತ್ತು. ಪೇಠೆಯ ಜನವೆಲ್ಲ ಓಡಿಬಂದು ಬುಟ್ಟಿಬುಟ್ಟಿ ಮಣ್ಣು ತೆಗೆದರು. ಅದರ ಕೆಳಗೆ ತೊಟ್ಟಿಲು ಸಿಕ್ಕಿತು. ಪಟ್ಟಿಗಳು ಮುರಿದು ಚಪ್ಪಟೆಯಾಗಿತ್ತು, ಅದರಲ್ಲಿ ತುಂಬ ನಮ್ಮೂರಿನ ಸವಳು ಮಣ್ಣು. ಕೂಸಿನ ಕಣ್ಣಿಗೆ ಕಾಣಲೆಂದು ಕಟ್ಟಿದ್ದ ಕಟ್ಟಿಗೆಯ ಗಿಣಿ ಮಾತ್ರ ಹಗ್ಗದಲ್ಲಿ ತೂಗಾಡುತ್ತಿತ್ತು. ಉಷಾ ಒದ್ದೆ ಕೂಸನ್ನು ಎದೆಗೆ ಅವಚಿಕೊಂಡು ಮೂಲೆಯಲ್ಲಿ ನಿಂತಿದ್ದಳು.

ನಮ್ಮವರು ಕಚೇರಿಯಿಂದ ಓಡಿಬಂದರು. ಧೋಂಡೀಬಾನೂ ಬಂದ. ಬಿದ್ದ ಗೋಡೆಯ ಒಂದು ಹೆಂಟೆ ಎತ್ತಿ ಮುಷ್ಟಿಯಲ್ಲಿ ಹಿಂಡಿದ. ಬೆರಳ ಸಂದಿಯಿಂದ ನೀರು ಇಳಿಯಿತು.

"ಇದು ಒಂದು ದಿನದ ನೀರಲ್ಲ, ರಾವಸಾಹೇಬ. ಹದಿನೈದು ದಿನದ್ದು. ಯಾರಿಗೂ ಕಾಣಲಿಲ್ಲವೇ?" ಎಂದು ಕೇಳಿದ.

ನಮ್ಮವರು ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು. ಇಬ್ಬರೂ ನೆಲ ನೋಡಿದೆವು. "ಯಾರಿಗೂ ಗೊತ್ತಾಗಲಿಲ್ಲ," ಎಂದು ಅವರೇ ಮರಾಠಿಯಲ್ಲಿ ಅವನಿಗೆ ಹೇಳಿದರು. ಅಷ್ಟು ನಂಬಿಕೆ ನಮ್ಮ ಮೇಲೆ ಅವರಿಗೆ. ಮಣ್ಣಿನ ಮಾಳಿಗೆಗೆ ಒಪ್ಪಿದ್ದು ತನ್ನದೇ ತಪ್ಪು ಎಂದು ಜಾನಕೀಬಾಯಿಯ ಮುಂದೆ ಕೈಮುಗಿದರು. ಗೋಡೆಯನ್ನು ಸುಟ್ಟ ಇಟ್ಟಿಗೆಯಲ್ಲಿ ಕಟ್ಟಿಸಿಕೊಡುತ್ತೇನೆ, ತೊಟ್ಟಿಲೂ ಮಾಡಿಸಿಕೊಡುತ್ತೇನೆ ಎಂದರು. ಆಕೆ, ಗೋಡೆ ಹಳೆಯದು, ಮಳೆ ಯಾರ ಕೈಯಲ್ಲಿದೆ, ಕೂಸು ಉಳಿಯಿತಲ್ಲ ಎಂದಳು.

ಮರುದಿನ ತುಂಗಕ್ಕ ಸ್ನಾನ ಮಾಡಿ ಬಂದು, "ನಡಿ, ಅವರ ಮನೀಗೆ ಹೋಗೂಣು. ನಾ ಹೇಳಿದ್ದನ್ನ ಮರಾಠಿಯಾಗ ಹೇಳು," ಅಂದಳು. ಹೋದೆವು. ಜಾನಕೀಬಾಯಿ ಮಣೆ ಹಾಕಿದಳು. ತುಂಗಕ್ಕ ಕೂಡಲಿಲ್ಲ. ನಿಂತೇ ಹೇಳಿದಳು.

"ಗ್ವಾಡಿ ಹಸಿ ಆಗಿದ್ದು ನನಗ ಗೊತ್ತಿತ್ತು. ಈ ಕಡೆ ತೊಟ್ಲ ಅದ ಅಂತ ಗೊತ್ತಿತ್ತು. ಖೋಲಿ ಹೋದೀತು ಅಂತ ಬಾಯಿ ಮುಚಗೊಂಡ ಕೂತೆ. ಹೇಳು ಸರಸೂ."

ಜಾನಕೀಬಾಯಿ ನನ್ನ ಬಾಯಿ ನೋಡುತ್ತ ಕಾಯುತ್ತಿದ್ದಳು. ತುಂಗಕ್ಕನಿಗೆ ಗೊತ್ತಿತ್ತು ಎಂದರೆ ನಿನಗೂ ಗೊತ್ತಿತ್ತೇ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಆಮೇಲೆ ಅದು ನಮ್ಮವರಿಗೆ ಹೋಗುತ್ತದೆ. ನಮ್ಮ ತುಂಗಕ್ಕನಿಗೆ ಬಹಳ ದುಃಖವಾಗಿದೆ, ಹೀಗಾಗುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಕ್ಷಮಿಸಬೇಕು ಎನ್ನುತ್ತಿದ್ದಾಳೆ ಎಂದು ಮರಾಠಿಯಲ್ಲಿ ಹೇಳಿದೆ. ಜಾನಕೀಬಾಯಿ ಎದ್ದು ತುಂಗಕ್ಕನ ಎರಡೂ ಕೈ ಹಿಡಿದು ಸಮಾಧಾನ ಮಾಡಿದಳು. ತುಂಗಕ್ಕ ಆ ಕೈಗಳನ್ನು ನೋಡಿದಳು, ನನ್ನನ್ನು ನೋಡಿದಳು.

ಮನೆಗೆ ಬಂದ ಮೇಲೆ ಅವಳು ಪಡಸಾಲೆಯ ಪರದೆಯ ಹಿಂದೆ ಹೋಗಿ ಕೂತಳು. ಅರ್ಧ ಬಿಚ್ಚಿದ ಅವಳ ಕೋಣೆಯಲ್ಲಿ ಗೋಡೆ ಬಿದ್ದ ಕಂಡಿಗೆ ಅದೇ ಕೌದಿಯನ್ನು ಅಡ್ಡ ಕಟ್ಟಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದಳು.

"ನೀ ಪೂರಾ ಹೇಳಲಿಲ್ಲ."

ನಾನು ಪರದೆಯ ಈಚೆ ನೆಲದ ಮೇಲೆ ಕೂತೆ.

"ನಾ ತಪ್ಪ ಹೇಳಿಕೊಂಡ್ರ ಯಾರಾದ್ರೂ ಹಂಗ ಕೈ ಹಿಡೀತಾರೇನು? ತಿಳೀದ ಇರಲಿಕ್ಕೆ ನಾ ಏನ ಕೂಸೇನು?" ಸಿಟ್ಟು ಇರಲಿಲ್ಲ ಅವಳ ದನಿಯಲ್ಲಿ. "ಇರಲಿ. ನನಗ ಗೊತ್ತಿತ್ತು ಅನ್ನಲಿಕ್ಕೆ ಮರಾಠಿಯಾಗ ಏನಂತಾರ? ಅಷ್ಟ ಹೇಳಿಕೊಡು."

ಹೇಳಿಕೊಟ್ಟೆ. ಮಲಾ ಮಾಹೀತ ಹೋತಂ. ಪಾಠ ಒಪ್ಪಿಸುವವರ ಹಾಗೆ ಅವಳು ಅದನ್ನು ಏಳೆಂಟು ಸಲ ಅಂದುಕೊಂಡಳು. ಸಣ್ಣಗೆ ಮಳೆ ಹನಿಯುತ್ತಿತ್ತು. ಸೆರಗನ್ನು ತಲೆಯ ಮೇಲೆಳೆದುಕೊಂಡು ಒಬ್ಬಳೇ ಹೊರಟಳು. ನಾನು ಅವಳ ಹಿಂದೆ ಹೋಗಲಿಲ್ಲ. ಹಿತ್ತಲ ಕೋಣೆಗೆ ಹೋಗಿ ಕೌದಿಯ ಹಿಂದೆ ನಿಂತೆ. ಅಂಚಿನ ಸಂದಿಯಿಂದ ಆಚೆಯ ಕೋಣೆ ಪೂರಾ ಕಾಣುತ್ತಿತ್ತು.

ತುಂಗಕ್ಕ ಬಂದು ತೊಟ್ಟಿಲು ಇದ್ದ ಜಾಗಕ್ಕೆ ಬೆರಳು ಮಾಡಿದಳು. ಗೋಡೆ ಬಿದ್ದ ಕಂಡಿಗೆ ಬೆರಳು ಮಾಡಿದಳು. ತನ್ನ ಎದೆ ಮುಟ್ಟಿಕೊಂಡು ಹೇಳಿದಳು. "ಮಲಾ ಮಾಹೀತ ಹೋತಂ." ಜಾನಕೀಬಾಯಿಗೆ ಮೊದಲು ಅರ್ಥವಾಗಲಿಲ್ಲ. ತುಂಗಕ್ಕ ಮತ್ತೆ ಬೆರಳು ಮಾಡಿ ಮತ್ತೆ ಹೇಳಿದಳು. ಮೂರನೆಯ ಸಲಕ್ಕೆ ಜಾನಕೀಬಾಯಿಯ ಮುಖ ಬದಲಾಯಿತು. ಉಷಾ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಜಾನಕೀಬಾಯಿ ತಣ್ಣಗೆ ಕೇಳಿದಳು, "ಆಣಖೀ ಕೋಣಾಲಾ?" ಇನ್ನೂ ಯಾರಿಗೆ ಗೊತ್ತಿತ್ತು ಎಂದು.

ಆ ಮಾತನ್ನು ನಾನು ಕಲಿಸಿರಲಿಲ್ಲ. ಆದರೂ ತುಂಗಕ್ಕನಿಗೆ ಅರ್ಥವಾಯಿತು. ಕೌದಿಯ ಅಂಚಿನಲ್ಲಿ ನನ್ನ ಬೆರಳುಗಳು ಕಾಣುತ್ತಿದ್ದಿರಬೇಕು. ಅವಳು ಒಂದು ಸಲ ಆ ಕಡೆ ನೋಡಿ, ಜಾನಕೀಬಾಯಿಯ ಕಡೆ ತಿರುಗಿ, ಓಣಿಯಲ್ಲಿ ಕೇಳಿ ಕೇಳಿ ತಾನಾಗಿಯೇ ಕಲಿತಿದ್ದ ಎರಡು ಶಬ್ದ ಜೋಡಿಸಿದಳು.

"ಕೋಣಾಲಾ ನಾಹೀ."

ಯಾರಿಗೂ ಇಲ್ಲ.

ನಾನು ಕೌದಿಯ ಅಂಚು ಹಿಡಿದುಕೊಂಡು ನಿಂತಿದ್ದೆ. ಅದನ್ನು ಸರಿಸಿದರೆ ಸಾಕಾಗಿತ್ತು, ನಡುವೆ ಗೋಡೆಯೇ ಇರಲಿಲ್ಲ. ಸರಿಸಲಿಲ್ಲ.

ದಸರೆಯ ಹೊತ್ತಿಗೆ ಧೋಂಡೀಬಾ ಹಂಚು ತಂದು ಹೊದಿಸಿದ. ಬೆಳಕಿಂಡಿಯ ಬದಲು ಒಂದು ಗಾಜಿನ ಹಂಚು ಕೂರಿಸಿಕೊಟ್ಟ. ಜಾನಕೀಬಾಯಿ ಎರಡು ತಿಂಗಳು ತುಂಗಕ್ಕನ ಕೂಡ ಮಾತಾಡಲಿಲ್ಲ. ನನ್ನ ಕೂಡ ಮಾತ್ರ ಮೊದಲಿನ ಹಾಗೇ ಇದ್ದಳು, ಹೋಳಿಗೆ ಮಾಡಿದರೆ ಕಳಿಸುತ್ತಿದ್ದಳು. ಆ ಹೋಳಿಗೆಯನ್ನು ನಾನು ನಮ್ಮವರ ಎಲೆಗೇ ಬಡಿಸಿಬಿಡುತ್ತಿದ್ದೆ. ದೀಪಾವಳಿಯ ಬೆಳಿಗ್ಗೆ ಅವಳೇ ಕೂಸನ್ನು ತಂದು, ಮಾತಿಲ್ಲದೆ, ಎಣ್ಣೆಯ ಬಟ್ಟಲಿನ ಸಮೇತ ತುಂಗಕ್ಕನ ಕಾಲ ಮೇಲೆ ಮಲಗಿಸಿದಳು. ತುಂಗಕ್ಕ ಬಟ್ಟಲಿನ ಎಣ್ಣೆಯೆಲ್ಲ ತೀರುವತನಕ ಅದಕ್ಕೆ ಹಚ್ಚಿದಳು.

ಆ ಕೋಣೆಯಲ್ಲಿ ಅವಳು ಹನ್ನೊಂದು ವರ್ಷ ಬಾಳಿದಳು. ನನ್ನ ಮಕ್ಕಳಿಗೂ ಅವಳೇ ಎರೆದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮತ್ತೆ ಬಯ್ಯತೊಡಗಿದಳು, ಅದನ್ನು ಕೇಳಿ ನನಗೆ ಜೀವ ಬಂದ ಹಾಗಾಗಿತ್ತು. ಆ ಮಳೆಗಾಲದ ಮಾತನ್ನು ಅವಳು ಒಮ್ಮೆಯೂ ಎತ್ತಲಿಲ್ಲ. ನಾನಾದರೂ ಎತ್ತಬಹುದಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ನೂಕಿದೆ. ಅವಳು ಬಿಸಿಲಿಗೆ ಕಾದ ಹಾಗೆಯೇ ನಾನೂ ಕಾದೆ.

ಈಗ ತುಂಗಕ್ಕ ಇಲ್ಲ, ಜಾನಕೀಬಾಯಿ ಇಲ್ಲ, ನಮ್ಮವರೂ ಇಲ್ಲ. ಗ್ಯಾಲರಿಯಲ್ಲಿ ಇಟ್ಟಿಗೆ ನೆನೆಯುತ್ತಿವೆ. ಇನ್ನೂ ಯಾರಿಗೆ ಗೊತ್ತಿತ್ತು ಎಂದು ಆ ತಾಯಿ ಕೇಳಿದ್ದಳು. ನನಗೆ ಗೊತ್ತಿತ್ತು.